‘ಇಲ್ಲ’ ಎನ್ನುವ ಗುಂಡಿ

ನನಗೆ ‘ಇಲ್ಲ’ ಎನ್ನಲು ಬರುವುದಿಲ್ಲ. ನಾಲಿಗೆಯ ದೋಷವೇನೂ ಅಲ್ಲ; ಊಟಕ್ಕೆ ಕುಳಿತು ‘ಪಲ್ಯಕ್ಕೆ ಉಪ್ಪಿಲ್ಲ’ ಎಂದು ಹೆಂಡತಿಗೆ ಹೇಳುವಾಗ ಸರಾಗವಾಗಿಯೇ ಹೊರಡುತ್ತದೆ. ಯಾರಾದರೂ ಎದುರು ನಿಂತು ಏನನ್ನಾದರೂ ಕೇಳಿದರೆ ಮಾತ್ರ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಆಗ ನಾನು ‘ನೋಡೂಣು’ ಎನ್ನುತ್ತೇನೆ. ನಮ್ಮ ಬೆಳಗಾವಿ ಕಡೆಯ ಮರ್ಯಾದಸ್ಥರೆಲ್ಲ ಮಾಡುವುದು ಇದನ್ನೇ. ಸ್ಕೂಟರ್ ಕೇಳಲು ಬಂದ ನೆರೆಯವನಿಗೆ ‘ನೋಡೂಣು’ ಎಂದರೆ ಸಾಕು, ಅವನು ಚಹಾ ಕುಡಿದು, ಮಕ್ಕಳ ಯೋಗಕ್ಷೇಮ ಕೇಳಿ, ಸ್ಕೂಟರ್ ಇರುವ ಇನ್ನೊಂದು ಮನೆಗೆ ಹೋಗುತ್ತಾನೆ. ಯಾರಿಗೂ ನೋವಿಲ್ಲ. ತಲೆಮಾರುಗಳಿಂದ ಸುಸೂತ್ರವಾಗಿ ನಡೆದು ಬಂದ ಈ ಏರ್ಪಾಡನ್ನು ಕಂಪ್ಯೂಟರಿಗೆ ಕಲಿಸಲು ಹೋದ ಮಹಾನುಭಾವ ನಾನು. ನೆನೆಸಿಕೊಂಡರೆ ಈಗಲೂ ಕಿವಿ ಬಿಸಿಯಾಗುತ್ತದೆ.

ನಮ್ಮ ಬಳಗದಲ್ಲಿ ಇಲ್ಲ ಎಂದರೆ ಇಲ್ಲ ಎನ್ನುವವರು ಒಬ್ಬರೇ, ನನ್ನ ಮಾವನವರು. ಖಾನಾಪುರದ ಬಸ್ ಸ್ಟ್ಯಾಂಡಿನಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಅವರ ಅಪ್ಪ ಕುರಿ ಕಾಯುತ್ತಿದ್ದರು, ಇವರು ಬಸ್ ಕಾಯ್ದರು. ನಾನು ಹೆಣ್ಣು ನೋಡಲು ಹೋದ ದಿನವೇ ನನ್ನ ಎದುರಿಗೆ, ‘ಹುಡುಗ ಭಾಳ ಮಾತಾಡ್ತಾನ. ಉಳದದ್ದೇನು ಅಡ್ಡಿ ಇಲ್ಲ’ ಎಂದು ತೀರ್ಪು ಕೊಟ್ಟಿದ್ದರು. ಅಂಥವರು ನನ್ನ ನಾದಿನಿ ಮಂಗಲಾಳ ಮದುವೆ ಗೊತ್ತಾದಾಗ, ‘ಲಗ್ನದ ಕಾರ್ಯಾಲಯ ಹಿಡಿಯೂದು ನಿಮ್ಮ ಜವಾಬ್ದಾರಿ’ ಎಂದು ನನಗೆ ವಹಿಸಿದರು. ಅಳಿಯನನ್ನು ಅವರು ನಂಬಿದ್ದು ಅದೇ ಮೊದಲು.

ನಂಬಲು ಕಾರಣವೂ ಇತ್ತು. ಖಾನಾಪುರದಲ್ಲಿದ್ದ ಒಂದೇ ದೊಡ್ಡ ಮಂಗಲ ಕಾರ್ಯಾಲಯಕ್ಕೆ ವೆಬ್‌ಸೈಟ್ ಮಾಡಿಕೊಟ್ಟವನು ನಾನೇ. ಮಹಾಂತೇಶ ನಗರದಲ್ಲಿ ನನ್ನದೂ ಗೆಳೆಯ ದಸ್ತಗೀರನದೂ ಸೇರಿ ಒಂದು ಪುಟ್ಟ ಕಂಪ್ಯೂಟರ್ ಆಫೀಸಿತ್ತು. ಊರಲ್ಲಿ ಇಂಟರ್‌ನೆಟ್ ಎಂದರೆ ಫೋನಿನ ತಂತಿಯಲ್ಲಿ ಕಿರ್‍ರ್ ಎಂದು ಕಿರುಚಿಕೊಂಡು ಬರುತ್ತಿದ್ದ ಕಾಲ. ಸರ್ವರಿನಲ್ಲಿ ಓಡುವ ನಮ್ಮ ಸ್ಕ್ರಿಪ್ಟಿಗೆ ಒಂದು ಕೆಟ್ಟ ಚಾಳಿಯಿತ್ತು. ಒಂದು ಪ್ರಶ್ನೆ ಕೇಳಿದರೆ ಉತ್ತರ ಬರುವ ತನಕ ಅಲ್ಲೇ ನಿಂತುಬಿಡುತ್ತಿತ್ತು. ‘ವೈಶಾಖದಲ್ಲಿ ಇಂಥ ದಿನ ಖಾಲಿ ಇದೆಯೇ’ ಎಂದು ಬೆಳಗಾವಿಯಿಂದ ಯಾರೋ ಕೇಳಿದರೆ, ಖಾನಾಪುರದಲ್ಲಿ ಕರೆಂಟ್ ಬಂದು, ಫೋನ್ ಲೈನ್ ಸಿಕ್ಕು, ಕಾರ್ಯಾಲಯದ ಮಾಲಕ ಗಣಪತರಾವ್ ಊಟ ಮುಗಿಸಿ ಬಂದು ನೋಡುವ ತನಕ ಕೇಳಿದವನ ಪರದೆ ಬಿಳಿಚಿಕೊಂಡು ಕೂತಿರುತ್ತಿತ್ತು. ಅವನ ಹಿಂದೆ ಬಂದವರ ಪರದೆಯೂ ಹಾಗೆಯೇ.

ಇದಕ್ಕೊಂದು ಮದ್ದನ್ನು ನಾನು ಯಾವುದೋ ವಿದೇಶಿ ಪ್ರೊಗ್ರಾಮರುಗಳ ಚರ್ಚೆಯಲ್ಲಿ ಓದಿದೆ. ಅದರ ಹೆಸರು ಪ್ರಾಮಿಸ್, ಅಂದರೆ ವಚನ. ಜೋಳದ ಡಬ್ಬಿಯನ್ನು ಗಿರಣಿಯಲ್ಲಿಟ್ಟು ನಾವು ಸಂತೆಗೆ ಹೋಗುತ್ತೇವಲ್ಲ, ಹಾಗೆ. ಗಿರಣಿಯ ಮುಂದೆ ನಿಲ್ಲಬೇಕಾಗಿಲ್ಲ. ‘ಬೀಸಿದ ಮ್ಯಾಲ ಮನಿಗೆ ಕಳಸು, ಬೀಸಾಕ ಆಗಲಿಲ್ಲಂದ್ರ ಹೇಳಿ ಕಳಸು’ ಎಂದು ಎರಡು ಮಾತು ಹೇಳಿ ಹೊರಟರಾಯಿತು. ಪ್ರಾಮಿಸ್ಸಿಗೂ ಮೂರು ಅವಸ್ಥೆ: ಬಾಕಿ, ನೆರವೇರಿತು, ಮುರಿಯಿತು. ನಮ್ಮ ಸ್ಕ್ರಿಪ್ಟ್ ಭಾಷೆಯಲ್ಲಿ ಇದು ಇರಲಿಲ್ಲ. ನಾನು ಕೈಯಾರೆ ಕಟ್ಟಿದೆ. ಉತ್ತರ ಬಂದ ಮೇಲೆ ಏನು ಮಾಡಬೇಕೆಂಬುದನ್ನು ಒಂದು ಫೈಲಿನಲ್ಲಿ ಬರೆದಿಡುವುದು, ಇನ್ನೊಂದು ಪುಟ್ಟ ಪ್ರೊಗ್ರಾಮು ಆಗಾಗ ಎದ್ದು ಬಂದು ಉತ್ತರ ಬಂತೇ ಎಂದು ಇಣುಕುವುದು. ಅದು ಮೊದಲ ಸಲ ಓಡಿದ ದಿನ ನಾನು ದಸ್ತಗೀರನಿಗೆ ಕುಂದಾ ತಿನ್ನಿಸಿದೆ.

ಗಣಪತರಾವ್ ಪರದೆಯ ಮೇಲಿನ ಎರಡು ಗುಂಡಿಗಳನ್ನು ನೋಡಿದರು. ಒಂದರ ಮೇಲೆ ‘ಇದೆ’, ಇನ್ನೊಂದರ ಮೇಲೆ ‘ಇಲ್ಲ’. ಅವರ ಮುಖ ಹುಳ್ಳಗಾಯಿತು.

‘ಅರೇ ಸಾಹೇಬ್ರ, ಲಗ್ನದ ಮನಿಯವ್ರಿಗೆ ಇಲ್ಲ ಅನ್ನೂದ? ನಮ್ಮ ಅಪ್ಪ ದೀಪ ಆರಿತು ಅಂತ ಸೈತ ಅಂದವರಲ್ಲ, ಶಾಂತ ಆತು ಅಂತಿದ್ರು. ತಗೀರಿ ಆ ಗುಂಡಿ.’

‘ಜಾಗಾ ಖಾಲಿ ಇರದಿದ್ರ ಏನ ಮಾಡ್ತೀರಿ?’

‘ಸುಮ್ನ ಕುಂದರ್ತೀನಿ. ಶಾಣ್ಯಾ ಮಂದಿ, ತಿಳಕೊಂತಾರ.’

ನನಗೆ ಪರಮಾನಂದವಾಯಿತು. ಅರ್ಧ ಕೆಲಸ ಕಡಿಮೆಯಾಯಿತಲ್ಲ! ಆಫೀಸಿಗೆ ಬಂದವನೇ ‘ಇಲ್ಲ’ ಗುಂಡಿಯನ್ನೂ ಮುರಿಯುವ ದಾರಿಯನ್ನೂ ಅಳಿಸಿದೆ. ಇಂತಿಷ್ಟು ದಿನ ಕಾಯ್ದು ಬಿಟ್ಟುಬಿಡು ಎಂಬ ಗಡುವನ್ನೂ ತೆಗೆದೆ. ದಸ್ತಗೀರ ಹಿಂದೆ ನಿಂತು ನೋಡುತ್ತಿದ್ದವನು, ‘ಹಂಗಾರ ಇದು ಎಲ್ಲೀ ತನಕ ಕಾಯತೈತಿ?’ ಎಂದ. ‘ನಮ್ಮ ಸಂಸ್ಕೃತಿ ಅದು, ನಿನಗೆ ಹೊಳೆಯೂದಿಲ್ಲ’ ಎಂದುಬಿಟ್ಟೆ. ದಸ್ತಗೀರನ ಮನೆತನ ಈ ಊರ ಕೋಟೆಯ ಬಗಲಲ್ಲಿ ಬೇರು ಬಿಟ್ಟಾಗ ನನ್ನ ಪೂರ್ವಜರು ಯಾವ ಗುಡ್ಡದಲ್ಲಿ ಕುರಿಯ ಹಿಂದೆ ಇದ್ದರೋ ದೇವರಿಗೇ ಗೊತ್ತು. ಆ ಮಾತು ಆಡಿದ್ದಕ್ಕೆ ನನಗೆ ಇವತ್ತಿಗೂ ನಾಚಿಕೆಯಾಗುತ್ತದೆ.

ಇನ್ನು ಮಂಗಲಾಳ ಮದುವೆ. ಕಾರ್ಯಾಲಯ ಮಾವನವರ ಮನೆಯಿಂದ ಕೂಗಿದರೆ ಕೇಳುವಷ್ಟು ದೂರ. ‘ಸಂಜಿಮುಂದ ಹೋಗಿ ಒಂದ ಮಾತ ಹೇಳಿ ಬರ್ತೀನಲ್ಲ’ ಎಂದರು. ‘ಬ್ಯಾಡ್ರೀ ಮಾವಾರ, ಈಗ ಬಾಯಿಮಾತಿನ ಕಾಲ ಹೋತು. ನೀವು ಕಾಲಿಡಬ್ಯಾಡ್ರಿ, ನನ್ನ ಸಿಸ್ಟಮ್ಮಿನ ಮರ್ಯಾದಿ ಪ್ರಶ್ನೆ’ ಎಂದು ಅವರನ್ನು ತಡೆದು, ಬೆಳಗಾವಿಯಲ್ಲಿ ಕೂತು ಕೋರಿಕೆ ಕಳಿಸಿದೆ. ಪರದೆಯ ಮೇಲೆ ನಾನೇ ಬರೆದ ಒಕ್ಕಣೆ ಮೂಡಿತು: ‘ತಮ್ಮ ಕೋರಿಕೆ ತಲುಪಿದೆ. ಶುಭ ಉತ್ತರ ಬರುತ್ತಿದೆ.’ ಓದಿ ನನಗೇ ಕಣ್ಣು ತುಂಬಿ ಬಂತು.

ಉತ್ತರ ಬರುತ್ತಲೇ ಇತ್ತು. ಮರುವಾರವೂ ಬರುತ್ತಿತ್ತು. ಮಾವನವರು ಫೋನ್ ಮಾಡಿ ‘ಆತೇನ್ರಿ?’ ಎಂದರೆ ‘ಆದಂಗ ತಿಳೀರಿ’ ಎನ್ನುತ್ತಿದ್ದೆ. ಗಣಪತರಾಯರಿಗೆ ಒಂದು ಫೋನ್ ಮಾಡಬಹುದಿತ್ತು. ಆದರೆ ತನ್ನ ಪ್ರೊಗ್ರಾಮನ್ನು ತಾನೇ ನಂಬದವನು ಎಂಥ ಪ್ರೊಗ್ರಾಮರ್? ಲಗ್ನಪತ್ರಿಕೆ ಅಚ್ಚಾದವು, ಅರಿಷಿಣ ಹಚ್ಚಿ ಹಂಚಿಯೂ ಆಯಿತು.

ಮದುವೆಗೆ ವಾರವಿದೆ ಎನ್ನುವಾಗ ಗಂಡಿನ ಕಡೆಯ ಹಿರಿಯರು ಕಾರ್ಯಾಲಯ ನೋಡಲು ಬಂದರು. ಮಾವನವರು ಇಸ್ತ್ರಿ ಮಾಡಿದ ಧೋತರ ಉಟ್ಟು ಮುಂದೆ, ನಾನು ಹಿಂದೆ. ‘ಬರ್ರಿ ಬರ್ರಿ, ಕುಂದರ್ರಿ’ ಎಂದು ಗಣಪತರಾವ್ ಚಹಾ ಹೇಳಿದರು.

‘ಅಡಗಿ ಮನಿ ತೋರಸ್ರಿ. ನಮ್ಮ ಮದವಿ ಬಂತಲ್ಲ,’ ಎಂದರು ಮಾವ.

‘ಯಾವ ಮದವಿರೀ? ಅವತ್ತ ಜಾಂಬೋಟಿಯವರದು ಐತಿ. ದೀಪಾವಳಿಗೇ ಹಿಡಿದಾರ.’

ನಾನು ನಡುವೆ ಬಾಯಿ ಹಾಕಿದೆ. ‘ನೀವು ತಿಳಸಲೇ ಇಲ್ಲಲ್ಲ, ಗಣಪತರಾವ್!’

‘ತಿಳಸಲಿಲ್ಲ ಅನ್ನೂದಽ ತಿಳಿಸಿದಂಗ. ಇಷ್ಟ ದಿನ ಸುಮ್ನ ಕುಂತೆ ಅಂದ್ರ ಏನ ಅರ್ಥ? ಮಂದಿಗೆಲ್ಲ ತಿಳೀತೈತಿ, ಅದನ್ನ ಮಾಡಿದವ್ರಿಗೇ ತಿಳೀಲಿಲ್ಲಂದ್ರ ಹೆಂಗ್ರಿ ಸಾಹೇಬ್ರ?’

ಗಂಡಿನ ಕಡೆಯವರು ಒಬ್ಬರ ಮುಖ ಒಬ್ಬರು ನೋಡಿದರು. ಮಾವನವರು ಚಹಾದ ಬಟ್ಟಲನ್ನು ಕೆಳಗಿಟ್ಟು, ಬೀಗರಿಗೆ ಕೈ ಮುಗಿದು, ‘ತಪ್ಪಾತು’ ಎಂದರು. ತಪ್ಪು ನನ್ನದು, ಕೈ ಮುಗಿದವರು ಅವರು. ಭೂಮಿ ಬಾಯಿ ಬಿಡಬಾರದೇ ಎನ್ನಿಸಿತು. ಖಾನಾಪುರದ ಜಂಬಿಟ್ಟಿಗೆಯ ನೆಲ ಗಟ್ಟಿ, ಬಿಡಲಿಲ್ಲ. ಹೊರಗೆ ಬಂದ ಮೇಲೆ ಅವರು ನನ್ನ ಕಡೆ ನೋಡದೆಯೇ ಹೇಳಿದರು: ‘ಬಸ್ ಇಲ್ಲಂದ್ರ ಇಲ್ಲ ಅಂತ ನಾ ಮೈಕಿನ್ಯಾಗ ಹೇಳ್ತಿದ್ದೆ. ಮಂದಿ ಬೈತಿದ್ರು. ಆದ್ರ ಬ್ಯಾರೆ ಗಾಡಿ ಹಿಡದ ಮನಿ ಮುಟ್ಟತಿದ್ರು.’

ದಸ್ತಗೀರನ ಚಿಕ್ಕಪ್ಪನದು ಖಾನಾಪುರದಲ್ಲಿ ಹಂಚಿನ ಕಾರ್ಖಾನೆ. ಹಸಿ ಹಂಚು ಒಣಗಿಸುವ ದೊಡ್ಡ ಅಂಗಳವಿದೆ, ಒಂದು ಮದುವೆಗೆ ಸಾಕಾಗುವಷ್ಟು. ಯಾವ ಮುಖ ಹೊತ್ತು ಕೇಳಲಿ? ಹೆಂಡತಿ ಶೋಭಾ, ‘ಇರೂ ಮುಖಾ ಹೊತಗೊಂಡ ಹೋಗ್ರಿ, ಬ್ಯಾರೇದು ಎಲ್ಲಿಂದ ತರ್ತೀರಿ’ ಎಂದು ದಬ್ಬಿದಳು. ದಸ್ತಗೀರ ಪೂರ್ತಿ ಕೇಳಿಸಿಕೊಂಡ. ‘ಚಾಚಾಗ ಕೇಳ್ತೀನಿ. ಇವತ್ತ ಸಂಜಿ ಒಳಗ ಹೇಳ್ತೀನಿ. ಆಗೂದಿಲ್ಲಂದ್ರ ಆಗೂದಿಲ್ಲ ಅಂತನೂ ಹೇಳ್ತೀನಿ’ ಎಂದ. ಅವನು ಚುಚ್ಚಿ ಹೇಳಲಿಲ್ಲ. ಚುಚ್ಚಿದ್ದರೆ ಎಷ್ಟೋ ಹಗುರವಾಗುತ್ತಿತ್ತು. ಸಂಜೆಯಾಗುವ ಮೊದಲೇ ಫೋನ್ ಬಂತು: ‘ಹಂಚು ಸರಿಸಾಕತ್ತಾರ, ಹಂದರ ಹಾಕಸ್ರಿ.’

ಮದುವೆ ಆಯಿತು. ಪತ್ರಿಕೆ ಹಿಡಿದು ಕಾರ್ಯಾಲಯಕ್ಕೆ ಹೋದವರನ್ನು ತಿರುಗಿಸಿ ಕಳಿಸಲು ನಾನು ಅದರ ಗೇಟಿನಲ್ಲಿ ನಿಂತೆ. ‘ಇಲ್ಲಿ ಇಲ್ರಿ, ಹಂಚಿನ ಕಾರ್ಖಾನಿಗೆ ಹೋಗ್ರಿ’ ಎಂದು ಬಂದವರಿಗೆಲ್ಲ ಹೇಳಿದೆ. ಜನ್ಮದಲ್ಲಿ ಆಡದಷ್ಟು ‘ಇಲ್ಲ’ವನ್ನು ಒಂದೇ ಬೆಳಿಗ್ಗೆ ಆಡಿದೆ. ಜಾಂಬೋಟಿಯ ಬೀಗರು ನನ್ನನ್ನು ಕಾರ್ಯಾಲಯದ ಆಳೆಂದು ತಿಳಿದು ನೀರು ಕೇಳಿದರು, ತಂದುಕೊಟ್ಟೆ. ಅಕ್ಷತೆಯ ಹೊತ್ತಿಗೆ ನಾನು ತಲುಪಲಿಲ್ಲ. ಕಾರ್ಖಾನೆಗೆ ಹೋಗಿ ನೋಡುವಷ್ಟರಲ್ಲಿ ನಮ್ಮ ಬೀಗರ ಬಿಳಿ ಧೋತರಗಳೆಲ್ಲ ಹಂಚಿನ ಮಣ್ಣಿನಿಂದ ಮೊಣಕಾಲ ತನಕ ಕೆಂಪಾಗಿದ್ದವು. ಚಾಚಾ ಎಲ್ಲರಿಗೂ ತಾವೇ ಜಿಲೇಬಿ ಬಡಿಸುತ್ತಿದ್ದರು. ಮಂಗಲಾ ಮಾತ್ರ ನಕ್ಕಳು. ‘ಭಾವಾರ, ಮಣ್ಣಿನ್ಯಾಗ ಆದ ಮದವಿ ಗಟ್ಟಿ ಇರತೈತಂತ’ ಎಂದಳು.

ಮರುವಾರವೇ ‘ಇಲ್ಲ’ ಗುಂಡಿಯನ್ನು ಮತ್ತೆ ಇಟ್ಟು, ಪ್ರಾಮಿಸ್ಸಿಗೆ ಮುರಿಯುವ ದಾರಿಯನ್ನೂ ಗಡುವನ್ನೂ ಹಾಕಿದೆ. ಕೆಟ್ಟ ಮೇಲೆ ಬುದ್ಧಿ ಬರುತ್ತದೆ, ನಿಜ. ಗಣಪತರಾವ್ ಮಾತ್ರ ಈಗಲೂ ಆ ಗುಂಡಿಯನ್ನು ಮುಟ್ಟುವುದಿಲ್ಲ. ಗಡುವು ಮುಗಿದ ಮೇಲೆ ಅವರ ಪರವಾಗಿ ಕಂಪ್ಯೂಟರೇ ‘ಇಲ್ಲ’ ಎಂದು ಪಾಪ ಕಟ್ಟಿಕೊಳ್ಳುತ್ತದೆ.

ಕೊನೆಗೆ ಧೈರ್ಯ ಮಾಡಿ ಒಂದು ಭಾನುವಾರ ಖಾನಾಪುರಕ್ಕೆ ಹೋದೆ. ಮಾವನವರು ಕಟ್ಟೆಯ ಮೇಲೆ ಕೂತು ಶೇಂಗಾ ಸುಲಿಯುತ್ತಿದ್ದರು. ಬಾಜೂಕ ಕೂತು ನಾನೂ ನಾಲ್ಕು ಸುಲಿದೆ. ‘ಮಾವಾರ, ನನ್ನಿಂದ ನಿಮ್ಮ ತಲಿ ತಗ್ಗಿತು. ನನ್ನ ಕ್ಷಮಾ ಮಾಡ್ರಿ’ ಎಂದೆ. ಅವರು ಸಿಪ್ಪೆ ಕೊಡವಿದರು. ಆಗುವುದಿಲ್ಲ ಎಂದು ಮುಖಕ್ಕೆ ಹೊಡೆದಂತೆ ಹೇಳುವ ಮನುಷ್ಯ, ಜೀವಮಾನದಲ್ಲಿ ಸುತ್ತಿಬಳಸಿ ಮಾತಾಡದವರು, ಬಸ್ ಸ್ಟ್ಯಾಂಡಿನ ಕಡೆ ನೋಡಿದರು.

‘ನೋಡೂಣು,’ ಎಂದರು.

ನಾನು ಚಹಾ ಕುಡಿದು, ಅತ್ತೆಯವರ ಆರೋಗ್ಯ ಕೇಳಿ, ಬೆಳಗಾವಿಯ ಬಸ್ ಹತ್ತಿದೆ. ಪ್ರತಿ ಭಾನುವಾರ ಮತ್ತೆ ಹೋಗುತ್ತೇನೆ. ಶೇಂಗಾ ಸುಲಿಯುತ್ತೇವೆ.