ಮೂರು ಮಾತು, ಒಂದು ಸಾವು

ಮಂಗಳವಾರ ಬೆಳಿಗ್ಗೆ ಹನ್ನೊಂದು ಗಂಟೆ ನಲವತ್ತು ನಿಮಿಷಕ್ಕೆ ನಮ್ಮ ದೊಡ್ಡಪ್ಪ ಬಿದ್ದರು. ಅದರಲ್ಲೇನು ಹೊಸದು ಅಂತ ಊರಿನವರು ಕೇಳಿಯಾರು. ನಮ್ಮ ದೊಡ್ಡಪ್ಪನಷ್ಟು ಸಲ ಬಿದ್ದು ಸತ್ತವರು ಇಡೀ ಮಾಗಡಿ ತಾಲ್ಲೂಕಿನಲ್ಲಿ ಇನ್ನೊಬ್ಬರಿಲ್ಲ! ಕುದೂರಿನಲ್ಲಿ ಸತ್ತಿದ್ದಾರೆ, ಸಾತನೂರಿನಲ್ಲಿ ಸತ್ತಿದ್ದಾರೆ. ಸಾವನದುರ್ಗದ ತಪ್ಪಲಿನ ಒಂದು ಹಳ್ಳಿಯಲ್ಲಂತೂ ಜನ ‘ಒನ್ಸ್ ಮೋರ್’ ಅಂದರೆಂದು ಎದ್ದು ಮೈ ಕೊಡವಿಕೊಂಡು ಎರಡನೇ ಸಲ ಸತ್ತಿದ್ದಾರೆ.

ಪೌರಾಣಿಕ ನಾಟಕಗಳಲ್ಲಿ ಕೊನೇ ಸೀನಿಗೆ ಸಾಯಲೇಬೇಕಾದ ರಾಜನೊಬ್ಬ ಇರುತ್ತಾನಲ್ಲ, ಮೂವತ್ತು ವರ್ಷ ಆ ಪಾರ್ಟು ಅವರದೇ. ಹೊಟ್ಟೆಪಾಡಿಗೆ ಸರ್ಕಾರಿ ಬಸ್ಸಿನ ಕಂಡಕ್ಟರ್ ಕೆಲಸ. ಕಂಡಕ್ಟರ್ ಆಗಿ ರಜೆ ಹಾಕಿದ್ದಾರೆ, ರಾಜನಾಗಿ ಹಾಕಿದ್ದೇ ಇಲ್ಲ.

ಅವರು ಬೀಳುವ ರೀತಿಯೇ ಬೇರೆ. ಬೀಳುವ ಮುಂಚೆ ಎಡಗೈ ತಲೆಯ ಮೇಲೆ ಹೋಗಬೇಕು. ಯಾಕೆ ಗೊತ್ತೆ? ಕಿರೀಟ ಬಾಡಿಗೆಯದು. ಅದು ನೆಲಕ್ಕೆ ಬಡಿದು ಗಾಜಿನ ಚೂರು ಉದುರಿದರೆ, ಕಿರೀಟ, ಸೀನರಿ ಬಾಡಿಗೆಗೆ ಕೊಡುವವನು ಪರದೆಯ ಹಿಂದಿನಿಂದ ಕೂಗುವ ಕೂಗು ರಾಜನ ಕೊನೆಯ ಮಾತಿಗಿಂತ ಜೋರಾಗಿ ಕೇಳುತ್ತದೆ! ಅದಕ್ಕೆ ಹಾರ್ಮೋನಿಯಂ ಮೇಷ್ಟ್ರು ಮೊದಲ ದಿನವೇ ಕಲಿಸಿದ್ದರಂತೆ: ‘ಪ್ರಾಣ ಹೋಗ್ಲಿ, ಕಿರೀಟ ಬುಡಬ್ಯಾಡ ಕಣ್ಲಾ.’

ಮೂವತ್ತು ವರ್ಷ ಹಾಗೆ ಬಿದ್ದ ಮೈ, ಕಿರೀಟ ಇಲ್ಲದಾಗಲೂ ಹಾಗೇ ಬೀಳುತ್ತಿತ್ತು. ಒಂದು ಸಲ ಕೊಟ್ಟಿಗೆಯಲ್ಲಿ ಸಗಣಿಯ ಮೇಲೆ ಜಾರಿದರು. ಒಂದು ಕೈಯಲ್ಲಿ ಹಾಲಿನ ತಂಬಿಗೆ, ಇನ್ನೊಂದು ಕೈ ತಲೆಯ ಮೇಲೆ. ದೊಡ್ಡವ್ವ ಓಡಿ ಬಂದು ನೋಡಿದವಳು, ‘ಸೊಂಟ ಮುರುದ್ರೂ ಸೈ ಅಂತ ತಲೆ ಹಿಡ್ಕಂಡು ಬಿದ್ದವ್ರಲ್ಲವ್ವ! ಒಳಗೆ ಏನೈತೆ ಅಂತ ಕಾಪಾಡ್ಕಂಡ್ರೋ!’ ಅಂದಳು.

ನಿವೃತ್ತಿಯಾದ ಮೇಲೆ ದೊಡ್ಡಪ್ಪನಿಗೆ ಆಡಿಷನ್ ಹುಚ್ಚು ಹಿಡಿಯಿತು. ಧಾರಾವಾಹಿಯೋ ಸಿನಿಮಾವೋ, ‘ಹೊಸ ಮುಖಗಳು ಬೇಕಾಗಿವೆ’ ಅಂತ ಫೋನಿಗೆ ಬಂದರೆ ಸಾಕು. ಅರವತ್ತು ದಾಟಿದ ಮುಖ ಹೊಸದು ಹೇಗಾಗುತ್ತೆ ಅಂತ ಕೇಳಿದರೆ, ‘ಅವರು ನೋಡಿಲ್ವಲ್ಲ, ಅವರಿಗೆ ಹೊಸದೇ’ ಅನ್ನುತ್ತಿದ್ದರು.

ಆದರೆ ಅಲ್ಲಿ ಹೋದ ಮೇಲೆ ಗೊತ್ತಾಗಿದ್ದೇನೆಂದರೆ, ಅವರು ನೋಡುವುದೇ ಇಲ್ಲ! ಮೇಜಿನ ಹಿಂದೆ ಮೂವರು ಕೂತಿರುತ್ತಾರೆ. ಒಬ್ಬರು ಫೋನು ತಿಕ್ಕುತ್ತಿರುತ್ತಾರೆ, ಒಬ್ಬರು ಲ್ಯಾಪ್‌ಟಾಪಿನಲ್ಲಿ ಮುಳುಗಿರುತ್ತಾರೆ, ಮೂರನೆಯವರು ಪಫ್ಸ್ ತಿನ್ನುತ್ತಿರುತ್ತಾರೆ. ಎದುರಿಗೆ ಒಬ್ಬ ಮನುಷ್ಯ ಮಗಳನ್ನು ಕಳೆದುಕೊಂಡ ತಂದೆಯಾಗಿ ಅಳುತ್ತಿರುತ್ತಾನೆ.

ಪಾಪ, ಆಡಿಷನ್ನಿಗೆ ಬರುವವರೆಲ್ಲ ಇದಕ್ಕೆ ಒಂದೊಂದು ಮದ್ದು ಕಂಡುಕೊಂಡಿದ್ದಾರೆ. ಚನ್ನಪಟ್ಟಣದ ಹುಡುಗನೊಬ್ಬ ಮೇಜಿನವರ ತಲೆಯ ಮೇಲಿನ ಗಡಿಯಾರಕ್ಕೆ ಡೈಲಾಗ್ ಹೇಳುತ್ತಾನಂತೆ. ಕನಕಪುರದಿಂದ ಬರುತ್ತಿದ್ದ ಒಬ್ಬ ನರ್ಸ್ ಹುಡುಗಿ, ‘ನಾನು ಅವರನ್ನ ಆಪರೇಷನ್ ಆಗಿ ಇನ್ನೂ ಮತ್ತು ಇಳೀದಿರೋ ಪೇಷಂಟ್‌ಗಳು ಅಂದ್ಕೋತೀನಿ ಅಂಕಲ್. ಆಗ ಬೇಜಾರಾಗಲ್ಲ’ ಅಂದಿದ್ದಳು.

ದೊಡ್ಡಪ್ಪನ ಮೊದಲ ಮದ್ದು ಮೌನ. ಅವರು ತಲೆ ಎತ್ತುವ ತನಕ ಬಾಯಿ ಬಿಡುವುದಿಲ್ಲ ಅಂತ ನೆಟ್ಟಗೆ ನಿಂತರು. ಎರಡು ನಿಮಿಷವಾಯಿತು. ಫೋನಿನವರು ತಲೆ ಎತ್ತದೆಯೇ, ‘ತುಂಬಾ ಚೆನ್ನಾಗಿತ್ತು ಸರ್, ಫೋನ್ ಮಾಡ್ತೀವಿ’ ಅಂದರು.

‘ನಾನಿನ್ನೂ ಶುರುನೇ ಮಾಡಿಲ್ವಲ್ಲಪ್ಪಾ!’

ಎರಡನೇ ಮದ್ದು ಕಂಡಕ್ಟರ್ ಸೀಟಿ. ಕನಕಪುರದ ಆಡಿಷನ್ನಿನಲ್ಲಿ ಜೇಬಿನಿಂದ ತೆಗೆದು ಊದಿಯೇಬಿಟ್ಟರು. ಮೂವರೂ ಬೆಚ್ಚಿ ನೋಡಿದರು. ನೋಡಿದ್ದೇನೋ ನೋಡಿದರು, ಆದರೆ ಆ ಗಾಬರಿಯಲ್ಲಿ ಡೈಲಾಗು ಮರೆತು, ಹಳೇ ಚಾಳಿಗೆ ದೊಡ್ಡಪ್ಪನ ಬಾಯಿಂದ ‘ಟಿಕೆಟ್, ಟಿಕೆಟ್!’ ಅಂತ ಬಂತು. ಪಫ್ಸ್ ತಿನ್ನುತ್ತಿದ್ದವರು ಜೇಬಿಗೆ ಕೈ ಹಾಕಿದ್ದನ್ನು ಬಾಗಿಲಲ್ಲಿ ಕಾಯುತ್ತಿದ್ದ ನಾನೇ ಕಣ್ಣಾರೆ ಕಂಡೆ!

ಮೂರನೇ ಮದ್ದು ನಾನು.

ನಾನು ರಾಮನಗರದ ಕಾಲೇಜೊಂದರಲ್ಲಿ ಅರ್ಥಶಾಸ್ತ್ರ ಪಾಠ ಮಾಡುವವಳು. ನೋಡದವರ ಮುಂದೆ ಮಾತಾಡುವ ಕಷ್ಟ ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಒಂದು ದಿನ ದೊಡ್ಡಪ್ಪ ನನ್ನ ಸ್ಕೂಟರಿನ ಹಿಂದೆ ಕೂತು ಕೇಳಿದರು: ‘ಕೂಸೇ, ಅವರ ಕುರ್ಚಿ ಹಿಂದೆ ನಿಂತ್ಕಂಡು ನನ್ನ ನೋಡ್ತೀಯಾ? ಊರಲ್ಲಿ ಸಾವಿರ ಜನ ನೋಡೋರು. ಇಲ್ಲಿ ಒಂದು ಜೊತೆ ಕಣ್ಣು ಸಾಕು. ನಾನು ನಿಂಗೇ ಮಾಡ್ತೀನಿ, ಅವರು ಬೇಕಾದ್ರೆ ನೋಡ್ಕಳ್ಳಿ.’

‘ಅಷ್ಟೇ ತಾನೇ?’ ಅಂದೆ.

‘ಅಷ್ಟೇ. ಆದ್ರೆ ನೀನೂ ಫೋನ್ ತೆಗೀಬ್ಯಾಡ ಕಣವ್ವ.’

ಹೀಗೆ ಆರು ಆಡಿಷನ್ನುಗಳಲ್ಲಿ ನಾನು ಕುರ್ಚಿಗಳ ಹಿಂದೆ ನಿಂತೆ. ಆರರಲ್ಲೂ ಅವರಿಗೆ ಪಾರ್ಟು ಸಿಗಲಿಲ್ಲ. ಆದರೆ ದೊಡ್ಡಪ್ಪ ಗೆದ್ದವರ ಹಾಗೆ ಹೊರಗೆ ಬಂದು, ‘ಹೆಂಗಿತ್ತು?’ ಅನ್ನುತ್ತಿದ್ದರು. ನಾನು ‘ಎರಡನೇ ಮಾತಿಗೆ ನೀವು ನಮ್ಮ ದೊಡ್ಡಪ್ಪ ಅನ್ನೋದೇ ಮರೆತೆ’ ಅಂದರೆ, ಅವತ್ತು ತಟ್ಟೆ ಇಡ್ಲಿ ಅವರ ಲೆಕ್ಕದಲ್ಲಿ!

ಏಳನೆಯದೇ ಆ ಮಂಗಳವಾರ. ರಾಮನಗರದ ಒಂದು ಕಲ್ಯಾಣ ಮಂಟಪದ ಮೇಲಿನ ಮಹಡಿ. ಪಾರ್ಟು ಸಣ್ಣದು: ಮೂರು ಮಾತು, ಒಂದು ಸಾವು. ‘ನಂಗೇ ಅಂತ ಬರೆದವ್ರೆ!’ ಅಂತ ದೊಡ್ಡಪ್ಪನಿಗೆ ಹಿಗ್ಗು. ಮೆಟ್ಟಿಲು ಹತ್ತುವಾಗ ಎರಡು ಸಲ ನಿಂತರು. ಹಣೆ ಬೆವೆತಿತ್ತು. ಏನಾಯಿತು ಅಂದದ್ದಕ್ಕೆ, ‘ಒಸಿ ಎದೆ ಉರಿ. ನಿಮ್ಮ ದೊಡ್ಡವ್ವನ ಚಿತ್ರಾನ್ನ’ ಅಂದರು. ನಾನು ನಕ್ಕೆ.

ಮೇಜಿನ ಹಿಂದೆ ಯಥಾಪ್ರಕಾರ ಮೂವರು. ನಾನು ಹಿಂದೆ ಗೋಡೆಗೆ ಒರಗಿ ನಿಂತೆ. ದೊಡ್ಡಪ್ಪ ಮೊದಲ ಮಾತು ಹೇಳಿದರು. ಎರಡನೆಯದೂ ಹೇಳಿದರು. ಅಷ್ಟರಲ್ಲಿ ನನ್ನ ಕೈಚೀಲದೊಳಗೆ ಫೋನು ಗುಂಯ್ ಅಂತು. ಕಾಲೇಜಿನ ಗುಂಪಿನಲ್ಲಿ ಯಾರೋ ಪರೀಕ್ಷಾ ಡ್ಯೂಟಿಯ ಪಟ್ಟಿ ಹಾಕಿದ್ದರು. ನನ್ನ ಹೆಸರು ಇದೆಯೋ ಇಲ್ಲವೋ, ಅಷ್ಟೇ ನೋಡೋಣ ಅಂತ ನೋಡಿದೆ. ಫೋನಿನ ಮೂಲೆಯಲ್ಲಿ ಹನ್ನೊಂದು ನಲವತ್ತು ಅಂತ ಇದ್ದದ್ದು ಹಾಗಾಗಿ ನೆನಪಿದೆ.

ದಪ್ ಅಂತ ಸದ್ದಾಯಿತು.

ತಲೆ ಎತ್ತಿದೆ. ದೊಡ್ಡಪ್ಪ ನೆಲದ ಮೇಲಿದ್ದರು. ಮೇಜಿನ ಮೂವರೂ ಮೊಟ್ಟಮೊದಲ ಬಾರಿಗೆ ಅವರನ್ನೇ ನೋಡುತ್ತಿದ್ದರು! ಫೋನಿನವರು, ‘ಅಯ್ಯೋ, ಎಷ್ಟು ನ್ಯಾಚುರಲ್ ಆಗಿದೆ! ಸರ್, ಇನ್ನೊಂದ್ಸಲ ಮಾಡಿ, ಕ್ಯಾಮೆರಾ ಆನ್ ಮಾಡಿರಲಿಲ್ಲ’ ಅಂದರು. ಸರದಿಗೆ ಕಾಯುತ್ತ ಬಾಗಿಲಲ್ಲಿ ಇಣುಕುತ್ತಿದ್ದವರು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹೌದು, ತಟ್ಟಿದೆ.

ಆಮೇಲೆ ಅವರ ಎಡಗೈ ಹುಡುಕಿದೆ. ಅದು ತಲೆಯ ಮೇಲಿರಲಿಲ್ಲ. ಮೈಯಡಿ ಸಿಕ್ಕಿಕೊಂಡಿತ್ತು.

‘ಇದು ಆಕ್ಟಿಂಗ್ ಅಲ್ಲ!’ ಅಂತ ಕಿರುಚಿದೆ. ಬಾಗಿಲಲ್ಲಿದ್ದ ಆ ಕನಕಪುರದ ನರ್ಸ್ ಹುಡುಗಿ ಎಲ್ಲರನ್ನೂ ತಳ್ಳಿಕೊಂಡು ಬಂದು ಕುತ್ತಿಗೆ ಮುಟ್ಟಿ ನೋಡಿದಳು. ‘ನಾಡಿ ಐತೆ, ಉಸಿರೂ ಐತೆ. ಬೇಗ ಎತ್ತಿ, ನಿಂತ್ಕಂಡು ನೋಡ್ಬೇಡಿ!’ ಅಂದಳು. ದೊಡ್ಡಪ್ಪನ ಕಾಲು ಹಿಡಿದು ಮೆಟ್ಟಿಲಿಳಿಸಿದ್ದು, ಕಾರು ಓಡಿಸಿ ಆಸ್ಪತ್ರೆ ಸೇರಿಸಿದ್ದು ಅದೇ ಫೋನಿನವರು. ಆಸ್ಪತ್ರೆಯ ಬಾಗಿಲಲ್ಲಿ ಜೇಬು ತಡಕಿ, ‘ಫೋನ್ ಅಲ್ಲೇ ಬಿಟ್ಟು ಬಂದುಬಿಟ್ಟೆ ಮೇಡಂ’ ಅಂದರು. ಮನುಷ್ಯರನ್ನು ಬೈಯುವುದು ಎಷ್ಟು ಸುಲಭ ಅನ್ನಿಸಿತು.

ರಕ್ತನಾಳ ಮುಚ್ಚಿಕೊಂಡಿತ್ತಂತೆ. ಸ್ಟೆಂಟ್ ಹಾಕಿದರು. ಮೂರನೇ ದಿನ ಡಾಕ್ಟರು ಬಂದು ಕಂಪ್ಯೂಟರ್ ಪರದೆ ನೋಡುತ್ತಲೇ, ‘ಈಗ ಹೇಗಿದೀರಿ?’ ಅಂತ ಕೇಳಿದರು. ಹಾಸಿಗೆಯಿಂದ ಮೆಲ್ಲಗೆ ಧ್ವನಿ ಬಂತು: ‘ಡಾಕ್ಟ್ರೇ, ನಾನು ಈ ಕಡೆ ಇವ್ನಿ.’ ಡಾಕ್ಟರು ತಿರುಗಿ ನಕ್ಕರು. ಅವತ್ತು ನಮ್ಮ ದೊಡ್ಡವ್ವ ಅತ್ತಳು.

ದೊಡ್ಡಪ್ಪ ಮನೆಗೆ ಬಂದರು. ನನ್ನ ನಿದ್ದೆ ಮಾತ್ರ ವಾಪಸು ಬರಲಿಲ್ಲ. ಕಣ್ಣು ಮುಚ್ಚಿದರೆ ಆ ದಪ್ ಸದ್ದು. ಎಷ್ಟು ಹೊತ್ತು ಫೋನು ನೋಡಿದ್ದೆ? ಎಷ್ಟು ಸಲ ಚಪ್ಪಾಳೆ ತಟ್ಟಿದ್ದೆ? ಮೊದಲೇ ತಲೆ ಎತ್ತಿದ್ದರೆ ಮುಖದಲ್ಲೇ ಗೊತ್ತಾಗುತ್ತಿರಲಿಲ್ಲವೆ? ಎಲ್ಲರೂ ನನ್ನನ್ನು ‘ದೊಡ್ಡಪ್ಪನ್ನ ಉಳಿಸಿದೋಳು’ ಅನ್ನುತ್ತಿದ್ದರು. ಹಾಗೆ ಅಂದಾಗಲೆಲ್ಲ ನನಗೆ ಎದ್ದು ಹೋಗಬೇಕು ಅನ್ನಿಸುತ್ತಿತ್ತು.

ಒಂದು ತಿಂಗಳಾದ ಮೇಲೆ, ಒಂದು ಶನಿವಾರ ಸಂಜೆ, ಅವರ ಮನೆ ಜಗುಲಿಯಲ್ಲಿ ಕೂತಿದ್ದಾಗ ದೊಡ್ಡಪ್ಪ ಕೇಳಿಯೇಬಿಟ್ಟರು.

‘ಕೂಸೇ, ಅವತ್ತು ನೀನು ಹೇಳ್ಳೇ ಇಲ್ಲ. ಹೆಂಗಿತ್ತು?’

ಸುಳ್ಳು ಹೇಳಬಹುದಿತ್ತು. ಆದರೆ ಆಗಲಿಲ್ಲ.

‘ನಾನು ನೋಡಲಿಲ್ಲ ದೊಡ್ಡಪ್ಪ. ಫೋನ್ ನೋಡ್ತಿದ್ದೆ.’

‘ಗೊತ್ತು ಕಣವ್ವ,’ ಅಂದರು. ‘ನಾನು ನಿನ್ನೇ ನೋಡ್ತಿದ್ನಲ್ಲ.’

ನಾನು ಮುಖ ಆಚೆ ತಿರುಗಿಸಿ ಕಣ್ಣೊರೆಸಿಕೊಂಡೆ.

‘ಮೂರನೇ ಮಾತು ಜೋರಾಗಿ ಹೇಳಿ ತಲೆ ಎತ್ತುಸಾನ ಅಂತಿದ್ದೆ. ಅಷ್ಟೊತ್ಗೆ ಅದು ಬಂದ್ಬುಟ್ತು. ಭಾಳ ಹೆದ್ರುಕಂಡೆ ಕಣವ್ವ. ಇನ್ನೂರು ಸಲ ಸತ್ತೋನಿಗೆ ಅಷ್ಟು ಹೆದ್ರಿಕೆ ಎಲ್ಲಿತ್ತೋ! ನನ್ನ ಮುಖ ಹೆಂಗಾಗಿತ್ತೋ ಏನೋ. ಅದು ನಿನ್ನ ಕಣ್ಣಿಗೆ ಬೀಳ್ಲಿಲ್ವಲ್ಲ, ಅಷ್ಟೇ ನಂಗೆ ಸಮಾಧಾನ. ಬುಡು ಅತ್ಲಾಗೆ, ಅಳಬ್ಯಾಡ.’

ಅವತ್ತು ಅಲ್ಲೇ ಉಳಿದೆ. ಭಾನುವಾರ ಕಣ್ಣು ಬಿಟ್ಟಾಗ ಬಿಸಿಲು ಹೊದಿಕೆಯ ಮೇಲೆ ಬಂದಿತ್ತು. ನಡುವೆ ಒಂದು ಸಲವೂ ಎಚ್ಚರವಾಗಿರಲಿಲ್ಲ. ಹೊರಗೆ, ಹಾಲಿನ ಡೈರಿಗೆ ಹೋಗುವ ಪಕ್ಕದ ಮನೆಯವನು ಏನೋ ಕೂಗುತ್ತಿದ್ದ. ದೊಡ್ಡಪ್ಪ ಅವನಿಗೆ ಪಿಸುಮಾತಿನಲ್ಲಿ ಗದರುವುದು ಕೇಳಿಸಿತು:

‘ಮೆಲ್ಲಕ್ ಮಾತಾಡ್ಲಾ, ಕೂಸು ಮಲಗೈತೆ.’