ಅಪ್ಪನನ್ನು ತಬ್ಬಿಕೊಳ್ಳುವ ನಿರ್ಧಾರ

ಎಲ್ಲವನ್ನೂ ಬರೆದಿಡುವ ಚಟ ನನ್ನದು. ಹಾಲಿನವನು ಬಾರದ ದಿನ, ಕರೆಂಟು ಹೋದ ಹೊತ್ತು, ಎಲ್ಲಕ್ಕೂ ಡೈರಿಯಲ್ಲಿ ಜಾಗವಿದೆ. 2009ರಲ್ಲಿ, ದಸರೆಗೆ ಮುಂಚೆ, ಆ ವರ್ಷದ ಡೈರಿ ತಿರುವುತ್ತಿದ್ದಾಗ ಒಂದು ಸಂಗತಿ ಕಣ್ಣಿಗೆ ಬಿತ್ತು: ಒಂಬತ್ತು ತಿಂಗಳಲ್ಲಿ ಅಪ್ಪ ನನ್ನನ್ನು ಮುಟ್ಟಿದ್ದು ಮೂರೇ ಸಲ. ಎರಡು ಸಲ ಜ್ವರ ನೋಡಲು, ಒಂದು ಸಲ ಕಪಾಳಕ್ಕೆ. ಕಪಾಳದ್ದನ್ನು ಲೆಕ್ಕಕ್ಕೆ ಹಿಡಿಯಬೇಕೋ ಬೇಡವೋ ಎಂದು ವಾರವಿಡೀ ಯೋಚಿಸಿ, ಸಂಖ್ಯೆ ತೀರಾ ಬಡವಾಗುತ್ತದೆಂದು ಹಿಡಿದೆ. ಅವ್ವನ ಪುಟಗಳೇ ಬೇರೆ. ಆಕೆ ತಲೆಗೆ ಎಣ್ಣೆ ತಿಕ್ಕಿದ ದಿನಗಳಲ್ಲಿ ನಾನು ತಂಗಿಯೊಡನೆ ಜಗಳವಾಡಿಲ್ಲ, ಒಳ್ಳೆಯ ನಿದ್ದೆ ಬಂದಿದೆ. ಇಷ್ಟು ಲಾಭ ಕಣ್ಣೆದುರಿಗಿರುವಾಗ ಬಿಡುವುದುಂಟೇ? ಅಪ್ಪನನ್ನು ಒಮ್ಮೆಯಾದರೂ ತಬ್ಬಿಕೊಳ್ಳಲೇಬೇಕೆಂದು ನಿರ್ಧರಿಸಿದೆ.

ಮೊದಲ ಪ್ರಯತ್ನ ಬಾಗಿಲಲ್ಲೇ ಮುಗಿಯಿತು. ಉಗಾರದ ಸಕ್ಕರೆ ಕಾರ್ಖಾನೆಯಲ್ಲಿ ಪಾಳಿ ಮುಗಿಸಿ ಬಂದ ಅಪ್ಪನೆದುರು ಎರಡೂ ಕೈ ಚಾಚಿ ನಿಂತೆ. ಊಟದ ಡಬ್ಬಿಯನ್ನು ಆ ಕೈಗಳಲ್ಲಿಟ್ಟು ಒಳಗೆ ಹೋದರು.

ದಸರೆಗಾಗಿ ಕಾದೆ. ಅಂದು ಸಂಜೆ ನಮ್ಮ ಕಡೆ ಬನ್ನಿ ಎಲೆ ಕೊಟ್ಟು, "ಬಂಗಾರ ತಗೊಂಡು ಬಂಗಾರದಂಗ ಇರೂಣು" ಎನ್ನುವುದು ರೂಢಿ. ಸರೀಕರು ತಬ್ಬಿಕೊಳ್ಳುತ್ತಾರೆ, ಕಿರಿಯರು ಕಾಲು ಮುಟ್ಟುತ್ತಾರೆ. ವರ್ಷವಿಡೀ ಮಾತು ಬಿಟ್ಟ, ಕಾರ್ಖಾನೆಯ ಫಿಟ್ಟರ್ ಕಾಕಾನನ್ನೂ ಅಪ್ಪ ಅಂದು ತಬ್ಬುತ್ತಾರೆ. ನಾನು ಆ ಕಾಕಾನ ಹಿಂದೆಯೇ ನಿಂತೆ. ಸರದಿ ಬಂತು. ಬನ್ನಿ ಕೊಟ್ಟ ಅಪ್ಪನ ಕೈ ಆಶೀರ್ವಾದಕ್ಕೆ ಮೇಲೆದ್ದಿತು. ನಾನು ಬಗ್ಗಲಿಲ್ಲ.

"ಯಾಕಲೇ, ಸೊಂಟ ಹಿಡದೈತೇನ?"

"ಇಲ್ರಿ" ಎಂದವನೇ ತಬ್ಬಿಬಿಟ್ಟೆ. ಹೊಸ ಅಂಗಿಯೊಳಗೂ ಕಬ್ಬಿನ ಹಾಲಿನ ವಾಸನೆ. ಮೇಲಿದ್ದ ಕೈ ಎಲ್ಲಿ ಹೋಗಬೇಕೆಂದು ತಿಳಿಯದೆ ತುಸು ಹೊತ್ತು ನಿಂತು, ನನ್ನ ಬೆನ್ನ ಮೇಲಿಳಿಯಿತು.

"ಸಾಕ್ ಬಿಡಲೇ, ಮಂದಿ ನೋಡಾಕತ್ತಾರ" ಎಂದರು. ಕೈ ಮಾತ್ರ ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಅಪ್ಪ ನನ್ನೆದುರು ಬಂದು ನಿಂತರು. ಕೈಯಲ್ಲಿ ಬಾಡಿದ ಒಂದು ಬನ್ನಿ ಎಸಳು.

"ನಿನ್ನಿ ಗದ್ದಲದಾಗ ನಿನಗ ಬನ್ನಿ ಕೊಟ್ಟೆನೋ ಇಲ್ಲೋ, ನೆನಪಾಗವಲ್ದು."

ನಾನು ಉತ್ಸಾಹದಿಂದ ಡೈರಿ ತೆಗೆದೆ. "ಕೊಟ್ಟೀರಿ ಅಪ್ಪಾ, ಐದೂ ಇಪ್ಪತ್ತಕ್ಕ. ಬರದೀನಿ ನೋಡ್ರಿ."

"ಹಂಗಾರ ಆತ್ ಬಿಡು." ಎಸಳನ್ನು ಕಿಸೆಗೆ ಹಾಕಿಕೊಂಡು ಹೊರಟೇಬಿಟ್ಟರು.

"ಓದಿದ್ದ ಆತು, ಬುದ್ಧಿ ಎಂದ ಬರ್ತೈತೋ" ಎಂದಳು ಅವ್ವ ಅಡುಗೆಮನೆಯಿಂದ.

ಆಗ ಹೊಳೆಯಿತು: ಅಪ್ಪ ಬಂದದ್ದು ಬನ್ನಿಗಾಗಿ ಅಲ್ಲ. ಬರಿಗಾಲಲ್ಲೇ ಓಡಿ ಓಣಿಯ ತಿರುವಿನಲ್ಲಿ ಅವರನ್ನು ಹಿಡಿದೆ. "ತಪ್ಪ ಬರದಿದ್ನಿರಿ ಅಪ್ಪಾ. ನೀವು ಕೊಟ್ಟೇ ಇಲ್ಲ."

ನಾನು ತಪ್ಪು ಬರೆದಿದ್ದೇನೆಂದು ಇಂದಿನವರೆಗೆ ಒಪ್ಪಿಕೊಂಡದ್ದು ಅದೊಂದೇ ಸಲ. ಅದೂ ಸರಿಯಾಗಿ ಬರೆದಿದ್ದಾಗ.