ಹಪ್ಪಳಕ್ಕೆ ಹಿಡಿದ ಗ್ರಹಣ

ಮೊದಲೆರಡು ಪ್ರಸಂಗ ನನಗೆ ಹೇಳಿದವರು ಅಕ್ಕೋರು. ಕಲಿಸುವ ಹೆಂಗಸರನ್ನು ನಾವು ಹಾಗೆಯೇ ಕರೆಯುವುದು. ಕಣ್ಣು ಕಾಣದವರಿಗೆ, ಮಸುಕಾಗಿ ಕಾಣುವವರಿಗೆ ಸೂರ್ಯಗ್ರಹಣ ಕಲಿಸಲು ಅವರು ಶಿರಸಿ, ಯಲ್ಲಾಪುರ, ಸಿದ್ದಾಪುರ ಸುತ್ತುತ್ತಿದ್ದರು. ಆಕಾಶವನ್ನು ಚೀಲದಲ್ಲಿ ಹೊತ್ತು ತಿರುಗುವವರಿಗೆ ಇಂಥದ್ದೆಲ್ಲ ಆಗುತ್ತಲೇ ಇರುತ್ತದೆ.

೧

ಶಿರಸಿಯಲ್ಲಿ ಆಗಷ್ಟೇ ಸುಟ್ಟ ಬಿಸಿ ಹಲಸಿನ ಹಪ್ಪಳವೇ ಸೂರ್ಯ, ತಣ್ಣಗಿನ ಸ್ಟೀಲ್ ತಟ್ಟೆ ಚಂದ್ರ. ತಟ್ಟೆ ಸರಿದಂತೆ ಬಿಸಿ ಎಷ್ಟು ಉಳಿಯಿತೆಂದು ಬೆರಳಲ್ಲಿ ಮುಟ್ಟಿ ಹೇಳಬೇಕು. ಮಕ್ಕಳಿಗೆಲ್ಲ ಒಂದೊಂದು ಹಪ್ಪಳ ಕೊಟ್ಟ ಅಕ್ಕೋರು, ತಟ್ಟೆ ಹಿಡಿದು ಒಬ್ಬೊಬ್ಬರನ್ನೇ ಮುಗಿಸಿ, ಕೊನೆಯ ಹುಡುಗಿಯ ಹತ್ತಿರ ಬಂದು ಕೇಳಿದರು:

“ಸೂರ್ಯ ಎಷ್ಟು ಉಳಿದಿದ್ದಾನೆ?”

“ಸ್ವಲ್ಪವೂ ಇಲ್ಲ.”

“ತಟ್ಟೆ ನನ್ನ ಕೈಯಲ್ಲೇ ಇದೆಯಲ್ಲೇ!”

“ಚಂದ್ರ ಬರುವುದು ತಡವಾಯಿತು ಅಕ್ಕೋರೇ. ನಾನೇ ತಿಂದೆ.”

೨

ಯಲ್ಲಾಪುರದಲ್ಲಿ ಪಾಠ ಮುಗಿಸಿ ಊಟಕ್ಕೆ ಹೋದರೆ ಅಡುಗೆಯಮ್ಮ ಬಾಗಿಲಿಗೆ ಅಡ್ಡ ನಿಂತಳು.

“ಗ್ರಹಣ ಮುಟ್ಟಿದವರು ಮೀಯದೆ ಒಳಗೆ ಬರಬೇಡಿ.”

“ಅದು ಹಪ್ಪಳದ್ದು ಮಾರಾಯ್ತಿ!”

“ಹಪ್ಪಳವೋ ಗಿಪ್ಪಳವೋ, ಹಿಡಿದದ್ದು ಹೌದೋ ಅಲ್ವೋ?”

ಪಾಠ ಚೆನ್ನಾಗಿ ಕಲಿತಿದ್ದ ಮಕ್ಕಳು ಒಟ್ಟಿಗೇ ಕೂಗಿದರು: “ಹೌದು, ಪೂರ್ತಿ ಹಿಡಿದಿತ್ತು!”

ಚಳಿಯಲ್ಲಿ ಎಲ್ಲರೂ ಮಿಂದರು. ಹೆಚ್ಚು ಗ್ರಹಣ ಮುಟ್ಟಿದವರೆಂದು ಅಕ್ಕೋರಿಗೆ ಎರಡು ಕೊಡ ಹೆಚ್ಚು.

೩

ಇದು ನಾನೇ ಕಂಡದ್ದು. ಸಿದ್ದಾಪುರ ಕಡೆಯ ತ್ಯಾಗಲಿಯ ನಮ್ಮ ಮನೆಯಲ್ಲಿದ್ದ ಸೋದರತ್ತೆಗೆ ಹುಟ್ಟಿನಿಂದ ಕಣ್ಣಿಲ್ಲ. ಗ್ರಹಣ ಬಿಟ್ಟು ಮೀಯುವವರೆಗೆ ಹನಿ ನೀರೂ ಮುಟ್ಟುವವಳಲ್ಲ. ಒಮ್ಮೆ ನಾವೆಲ್ಲ ಮಿಂದು ಉಂಡೆವು. ಗ್ರಹಣ ಬಿಟ್ಟಿತೆಂದು ಅವಳಿಗೆ ಹೇಳಲು ಮರೆತೆವು. ಮಧ್ಯಾಹ್ನ ದಾಟಿದರೂ ಜಪ ಮಾಡುತ್ತ ಕುಳಿತೇ ಇದ್ದಳು. ಆ ಪಾಪ ಇಂದಿಗೂ ನನ್ನನ್ನು ಚುಚ್ಚುತ್ತದೆ.

“ತಮಾ, ಇನ್ನು ಯಾರ ಬಾಯಿನೂ ಕಾಯ್ತಿಲ್ಲೆ. ಆ ಗ್ರಹಣದ ಅಕ್ಕೋರ ಹತ್ರ ಕರ್ಕಂಡು ಹೋಗು,” ಎಂದಳು ನನಗೆ.

ಅಕ್ಕೋರು ಅವಳಿಗೊಂದು ಹಲಗೆ ಮಾಡಿಕೊಟ್ಟರು. ಕಂಬಳಿಯ ಸೂರ್ಯ, ಸರಿಯುವ ತಗಡಿನ ಚಂದ್ರ, ಪಂಚಾಂಗದ ಹೊತ್ತಿಗೆ ಸರಿಯಾಗಿ ಕಾಲು ಗಂಟೆಗೊಂದು ಗೀರು. ಗಾಜು ತೆಗೆದ ಗಡಿಯಾರದ ಮುಳ್ಳು ಮುಟ್ಟುತ್ತ ತಗಡು ಸರಿಸಿದರಾಯಿತು.

ಮುಂದಿನ ಗ್ರಹಣದ ಬೆಳಗ್ಗೆ ದಟ್ಟ ಮೋಡ. ಪುರೋಹಿತ ಭಟ್ಟರು ಕಪ್ಪು ಕನ್ನಡಕ ಹಾಕಿ ಅಂಗಳದಲ್ಲಿ ನಿಂತರು. ಪಂಚಾಂಗದ ಹೊತ್ತು ಮುಗಿಯಿತೆಂದು ನಾವು ಹೇಳಿದರೂ ಒಪ್ಪಲಿಲ್ಲ. “ಬಿಂಬ ಕಣ್ಣಾರೆ ಕಾಣದೆ ಮೀಯುವುದು ಹೇಗೋ?” ಹತ್ತಾರು ಮಂದಿ ಹಸಿದ ಹೊಟ್ಟೆಯಲ್ಲಿ ಮೋಡ ನೋಡುತ್ತ ನಿಂತೆವು.

ಆಗ ಅತ್ತೆ ಜಗುಲಿಗೆ ಬಂದಳು. ಒದ್ದೆ ಕೂದಲು, ಹಣೆಯಲ್ಲಿ ಹೊಸ ಕುಂಕುಮ, ಕೈಯಲ್ಲಿ ಅರ್ಧ ತಿಂದ ದೋಸೆ.

“ಎಂತದು ಭಟ್ರೇ, ನಿಂಗಕ್ಕೆ ಗ್ರಹಣ ಇನ್ನೂ ಬಿಟ್ಟಿದ್ದಿಲ್ಯ?”

ಅತ್ತೆ ಈಗಿಲ್ಲ. ಓದಿದವರು ಇದನ್ನು ನಾಲ್ಕು ಜನರಿಗೆ ಹೇಳಿ. ಕಣ್ಣು ಕಾಣದವರು ಮನೆಯಲ್ಲಿದ್ದರೆ ಅವರಿಗೇ ಮೊದಲು ಹೇಳಿ.